ನಾರಿನ ಹುರಿ ಕಟ್ಟಿಕೊಂಡು ಹಿಮ ಹತ್ತಿದ್ದು

ಮೊನ್ನೆ ಚಪ್ಪಲಿ ಗೂಡು ಗುಡಿಸುವಾಗ ಹಿಂದಿನ ಮೂಲೆಯಿಂದ ನನ್ನ ಬೆಟ್ಟ ಹತ್ತುವ ಬೂಟುಗಳು ಹೊರಬಂದವು. ಧೂಳು ಕೊಡವಿ ಮಗುಚಿ ನೋಡಿದರೆ ಅಡಿಯ ಗೀರುಗಳಲ್ಲಿ ಕಂದು ಬಣ್ಣದ ಎಳೆಗಳು ಸಿಕ್ಕಿಕೊಂಡಿದ್ದವು. ಪಿನ್ನು ಹಾಕಿ ಎಳೆದೆ. ತೆಂಗಿನ ನಾರು. ಬಿಸಾಡಲು ಎದ್ದವಳು ಬಿಸಾಡದೆ, ಅದನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಒಳಗಿನಿಂದ ಹಾಲು ಉಕ್ಕಿದ ವಾಸನೆ ಬಂತು. ಉಕ್ಕಲಿ ಬಿಡಿ. ಹಾಲು ವಾರಕ್ಕೆರಡು ಸಲ ಉಕ್ಕುತ್ತದೆ. ನಾನು ಹಿಮದ ಮೇಲೆ ನಡೆದದ್ದು ಜೀವಮಾನದಲ್ಲಿ ಒಂದೇ ದಿನ.

ಹೌದು, ಹಿಮದ ಮೇಲೆ. ತುರುವೇಕೆರೆ ಕಡೆಯ ಏಳು ಜನ ಹೆಂಗಸರು, ಎಲ್ಲರ ವಯಸ್ಸು ಕೂಡಿಸಿದರೆ ನಾನೂರು ದಾಟುವಂಥವರು, ಹಿಮಾಚಲದ ಒಂದು ಬೆಟ್ಟದ ನೆತ್ತಿ ಹತ್ತಿ ಅದೇ ದಿನ ಇಳಿದು ಬಂದೆವು. ಇಂಥದ್ದನ್ನು ಹೇಳಿಕೊಳ್ಳುವಾಗ ಸ್ವಲ್ಪ ಸಂಕೋಚ ನಟಿಸಬೇಕು ಎಂದು ನನಗೂ ಗೊತ್ತಿದೆ. ನಟಿಸಲು ನೋಡಿದೆ, ಬರಲಿಲ್ಲ.

ನಮ್ಮದು ಕೆರೆ ಏರಿಯ ಗುಂಪು. ಬೆಳಗಿನ ಹೊತ್ತು ಏರಿಯ ಈ ತುದಿಯಿಂದ ಆ ತುದಿಗೆ ನಡೆಯುವುದು, ಸಕ್ಕರೆ ಕಾಯಿಲೆಯನ್ನು ಬಯ್ಯುವುದು, ಸೊಸೆಯರನ್ನು ಹೊಗಳುವುದು ನಮ್ಮ ಕಾರ್ಯಕ್ರಮ. ಹೊಗಳುವುದು ಎಂದೇ ಬರೆದಿದ್ದೇನೆ, ಯಾರಾದರೂ ಓದಿಯಾರು. ಒಂದು ದಿನ ನಾಗರತ್ನ, ಸರ್ಕಾರಿ ಕಚೇರಿಯೊಂದರಲ್ಲಿ ದುಡಿದು ನಿವೃತ್ತಳಾದವಳು, ಮೊಬೈಲಿನಲ್ಲಿ ಒಂದು ಬಿಳೀ ಬೆಟ್ಟದ ಚಿತ್ರ ತೋರಿಸಿದಳು. "ಎಷ್ಟ್ ದಿನಾಂತ ಈ ಏರಿನೇ ಸುತ್ತಾದ್ರೇ? ಒಂದ್ಸಲ ಇದರ ಮ್ಯಾಲೆ ನಡ್ಕಂಡ್ ಬರಾನ ನಡೀರಿ" ಎಂದಳು. ನಕ್ಕೆವು. ಆಮೇಲೆ ಯಾರೂ ನಗಲಿಲ್ಲ. ಮಾರನೆಯ ದಿನದಿಂದ ಎಲ್ಲರೂ ಏರಿಯ ಮೇಲೆ ಎರಡು ಸುತ್ತು ಹೆಚ್ಚಿಗೆ ನಡೆಯತೊಡಗಿದರು.

ಚಳಿಯನ್ನು ನಾವು ಅಳೆಯುವುದು ಎಣ್ಣೆಯಿಂದ. ಚಿಕ್ಕಂದಿನಲ್ಲಿ ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಬೆಳ್ಳಗೆ ಗಟ್ಟಿಯಾಯಿತೆಂದರೆ ಚಳಿಗಾಲ ಬಂತು ಎಂದು ಅರ್ಥ. ಅವ್ವ ಬಾಟಲಿಯನ್ನು ಬಿಸಿಲಿಗೆ ಇಡುತ್ತಿದ್ದಳು, ನಾನು ಅದರ ಪಕ್ಕ ಜಡೆ ಬಿಚ್ಚಿಕೊಂಡು ಕೂರುತ್ತಿದ್ದೆ. ಎಣ್ಣೆ ಕರಗಿದ ಮೇಲೆ ತಲೆಗೆ, ತಲೆ ಬಾಚಿದ ಮೇಲೆ ಸ್ಕೂಲಿಗೆ. ತಡವಾಗಿ ಹೋಗಿ "ಎಣ್ಣೆ ಕರಗಿರಲಿಲ್ಲ ಸಾ" ಎಂದರೆ ಮೇಷ್ಟ್ರು ಒಪ್ಪಿಕೊಳ್ಳುತ್ತಿದ್ದರು, ಅವರ ಮನೆಯಲ್ಲೂ ಅದೇ ಬಾಟಲಿ. ಇನ್ನು ಹಿಮ ಎಂಬುದನ್ನು ನಾನು ನೋಡಿದ್ದು ಐಸ್‌ಕ್ಯಾಂಡಿಯವನ ಡಬ್ಬದ ಮುಚ್ಚಳ ತೆಗೆದಾಗ, ಅದೂ ಅವನು ಮುಚ್ಚುವಷ್ಟರೊಳಗೆ.

ಆರು ಜನ ಹೊರಟಿದ್ದೆವು. ಏಳನೆಯವರಾಗಿ ಸೇರಿಕೊಂಡದ್ದು ನಮ್ಮ ಅತ್ತಿಗೆ, ನನ್ನ ಅಣ್ಣನ ಹೆಂಡತಿ ಪಾರ್ವತಮ್ಮ. ದಂಡಿನಶಿವರದ ನನ್ನ ತವರಿಗೆ ಅವರು ಸೊಸೆಯಾಗಿ ಬಂದಾಗ ನನಗೆ ಹತ್ತು ವರ್ಷ. ನಮ್ಮ ಕಡೆ ಕೊಬ್ಬರಿ ಮಾಡುವುದು ಆತುರದ ಕೆಲಸವಲ್ಲ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟದ ಮೇಲೆ ಹರವಿ ಹತ್ತು ಹನ್ನೆರಡು ತಿಂಗಳು ಸುಮ್ಮನೆ ಬಿಟ್ಟುಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಬೇಕು, ಗಡಗಡ ಎಂದರೆ ಆಯಿತು. ಅತ್ತಿಗೆ ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸುತ್ತಿದ್ದರು. ನಾನು ಏಣಿಯ ಬುಡದಲ್ಲಿ ಕೂತು ಹಿಂದಿ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ನಿಲ್ಲಿಸಿದರೆ ಮೇಲಿನಿಂದ, "ಯಾಕ್ ನಿಲ್ಲಿಸ್ದೆ? ಓದೇ" ಎಂಬ ದನಿ ಬರುತ್ತಿತ್ತು. ನಾನು ಚೆನ್ನಾಗಿ ಓದಲಿ ಎಂಬ ಆಸೆ ಇರಬೇಕು ಎಂದುಕೊಳ್ಳುತ್ತಿದ್ದೆ.

ಓದಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಹಿಂದಿ ಪಾಠ ಮಾಡಿದೆ. ನನ್ನ ಹೆಸರು ಸರೋಜ ಎಂದು ಊರಿನಲ್ಲಿ ಗೊತ್ತಿರುವವರು ಕಡಿಮೆ. "ಹಿಂದಿ ಮೇಡಂ ಮನೆ" ಎಂದರೆ ಆಟೋದವರು ಬಾಗಿಲಿಗೇ ತಂದು ಬಿಡುತ್ತಾರೆ. ಅತ್ತ ಅಣ್ಣ ತಿಪಟೂರಿನ ಮಂಡಿಯಲ್ಲಿ ಕೊಬ್ಬರಿ ವ್ಯಾಪಾರಕ್ಕೆ ಇಳಿದ. ಉತ್ತರದ ಖರೀದಿದಾರರು ಮನೆ ಹುಡುಕಿಕೊಂಡು ಬರುವಷ್ಟು ಅವನ ಹೆಸರು ನಡೆಯಿತು. ಅತ್ತಿಗೆಗೆ ಮನೆ, ತೋಟ, ಅಟ್ಟ. ನಾನು ಹಬ್ಬಕ್ಕೆ ಹೋಗುವುದು, ಅತ್ತಿಗೆ ಬಡಿಸಿದ್ದನ್ನು ಉಂಡು ಬರುವುದು, ಹೀಗೇ ನಲವತ್ತು ವರ್ಷ ಕಳೆಯಿತು. ಅವರ ಕೈಯಡುಗೆ ನನಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಏನೂ ಗೊತ್ತಿರಲಿಲ್ಲ ಎಂಬುದು ಆ ಬೆಟ್ಟದ ಮೇಲೆ ಗೊತ್ತಾಯಿತು.

ನಾವು ಹೊರಡುವ ಸುದ್ದಿ ಅಣ್ಣನಿಂದ ತಿಳಿದು ಅತ್ತಿಗೆ ಫೋನ್ ಮಾಡಿದರು. "ಸರೋಜ, ನಾನೂವೆ ಬತ್ತೀನಿ ಕಣೇ ಐಸಿನ್ ಬೆಟ್ಟಕ್ಕೆ."

"ಅಲ್ಲಿ ತುಂಬಾ ನಡೀಬೇಕು ಅತ್ತಿಗೆ."

"ಇಲ್ಲಿ ನಾನೇನ್ ಕೂತ್ಕಂಡಿದೀನಾ?"

"ನಿಮಗೆ ಆ ಕಡೆ ಭಾಷೆ ಬರಲ್ವಲ್ಲ."

"ನೀನಿದೀಯಲ್ಲ ಬುಡು" ಎಂದು ನಕ್ಕು ಫೋನ್ ಇಟ್ಟರು.

ನನಗೆ ಇಷ್ಟವಿರಲಿಲ್ಲ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಾವು ಆರು ಜನ ಚೂಡಿದಾರ, ಟ್ರ್ಯಾಕ್ ಪ್ಯಾಂಟು ಎಂದು ಮಾತಾಡಿಕೊಂಡಿದ್ದವರು. ನಾನಂತೂ ತುಮಕೂರಿನ ದೊಡ್ಡ ಅಂಗಡಿಗೆ ಹೋಗಿ ಈ ಬೂಟು ತಂದಿದ್ದೆ. ಅತ್ತಿಗೆ ಸೀರೆ ಉಟ್ಟು, ಒಳಗೆ ಅಣ್ಣನ ಹಳೇ ಪ್ಯಾಂಟು ಹಾಕಿಕೊಂಡು ಸ್ಟೇಷನ್ನಿಗೆ ಬಂದರು. ಜೊತೆಗೆ ಒಂದು ಗೋಣಿಚೀಲ. ಒಳಗೆ ತೆಂಗಿನಕಾಯಿ, ಕೊಬ್ಬರಿ, ಅಚ್ಚುಬೆಲ್ಲ. ಚೀಲದ ಬಾಯಿಂದ ಬುಡದವರೆಗೂ ನಾರಿನ ಹುರಿಯನ್ನು ಹತ್ತಾರು ಸುತ್ತು ಬಿಗಿದಿದ್ದರು, ಆ ಹುರಿಯಲ್ಲಿ ಒಂದು ಎಮ್ಮೆಯನ್ನೇ ಕಟ್ಟಬಹುದಿತ್ತು. ರೈಲಿನಲ್ಲಿ ಯಾರೋ "ಈ ಚೀಲ ಯಾರದು?" ಎಂದು ಕೇಳಿದಾಗ ನಾನು ಕಿಟಕಿಯ ಹೊರಗೆ ನೋಡಿದೆ.

ಮೂರು ದಿನದಲ್ಲಿ ಚೀಲ ಖಾಲಿಯಾಯಿತು. ಅತ್ತಿಗೆ ಕಂಡವರಿಗೆಲ್ಲ ಕೊಬ್ಬರಿ ಕೊಟ್ಟಿದ್ದರು. ಉಳಿದದ್ದು ಒಂದು ಕಾಯಿ, ಒಂದಿಷ್ಟು ಕೊಬ್ಬರಿ ಬೆಲ್ಲ, ಮತ್ತು ಆ ಹುರಿ. "ಅದನ್ನಾದರೂ ಎಸೀರಿ ಅತ್ತಿಗೆ" ಎಂದೆ.

"ಹುರಿ ಎಸೀತಾರೇನೇ? ಎಲ್ಲೋ ಒಂದ್ಕಡೆ ಬೇಕಾಯ್ತದೆ" ಎಂದು ಅದನ್ನು ಸೊಂಟಕ್ಕೆ ಸುತ್ತಿಕೊಂಡು ಮೇಲೆ ಬಾಡಿಗೆಯ ಕೋಟು ಹಾಕಿಕೊಂಡರು. ಕಾಲಿಗೆ ಬಾಡಿಗೆಯ ಗಮ್‌ಬೂಟು. ಕನ್ನಡಿಯಲ್ಲಿ ತಮ್ಮನ್ನು ತಾವೇ ನೋಡಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಮ್ಮನ್ನು ಕರೆದೊಯ್ಯುವವನ ಹೆಸರು ಮೋಹರ್ ಸಿಂಗ್, ಮೂವತ್ತೈದರ ಆಸುಪಾಸಿನ ಬೆಟ್ಟದೂರಿನವನು. ನನ್ನ ಹಿಂದಿ ಕೇಳಿ ಅವನು ಮೊದಲ ದಿನವೇ ಕೈಕಟ್ಟಿ ನಿಂತುಬಿಟ್ಟಿದ್ದ. "ಮೇಡಂಜೀ, ನೀವು ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದಿರಾ?" ಎಂದು ಕೇಳಿದ. ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಅವನು ಹೇಳಿದ್ದೆಲ್ಲ ನನ್ನ ಮೂಲಕವೇ ಗುಂಪಿಗೆ ದಾಟಬೇಕು. ಅವನು ಹತ್ತು ಮಾತು ಆಡಿದರೆ ನಾನು ಅದನ್ನು ತೂಗಿ ನೋಡಿ ನಾಲ್ಕು ಮಾಡಿ ಕೊಡುತ್ತಿದ್ದೆ. ಅಷ್ಟು ವರ್ಷ ಮಕ್ಕಳ ಮುಂದೆ ನಿಂತವಳ ಬಾಯನ್ನು ನಿವೃತ್ತಿಯಾದ ಮೇಲೆ ಯಾರೂ ನೋಡುತ್ತಿರಲಿಲ್ಲ. ಇಲ್ಲಿ ಆರು ಜೊತೆ ಕಣ್ಣು ನನ್ನ ಬಾಯನ್ನೇ ನೋಡುತ್ತಿದ್ದವು. ಆ ಸುಖ ಬೇರೆ.

ಬೆಟ್ಟದ ಬುಡದಲ್ಲಿ ಒಂದು ಚಹಾ ಅಂಗಡಿ. ಅಲ್ಲಿಂದಲೇ ಹಿಮ ಶುರು. ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಮೋಹರ್ ಸಿಂಗ್ ನನ್ನನ್ನು ಪಕ್ಕಕ್ಕೆ ಕರೆದ. ಮಾತಾಜಿಗೆ ವಯಸ್ಸಾಗಿದೆ, ಸೀರೆ ಬೇರೆ, ಗಮ್‌ಬೂಟು ಜಾರುತ್ತದೆ. ತಾನು ಒಬ್ಬನೇ ಇರುವುದರಿಂದ ದಾರಿಯಲ್ಲಿ ಒಬ್ಬರು ಕೂತರೆ ಏಳೂ ಜನ ವಾಪಸಾಗಬೇಕು. ಅವರು ಇಲ್ಲೇ ಬಿಸಿಲಿಗೆ ಕೂತಿರಲಿ, ಎಂದ.

ನಾನು ಒಂದು ಮಾತು ಅತ್ತಿಗೆಯ ಪರವಾಗಿ ಆಡಬಹುದಿತ್ತು. ಆಡಲಿಲ್ಲ. ಅಪ್ಪಟ ಹಿಂದಿಯಲ್ಲಿ, ಒಂದು ಉಚ್ಚಾರವೂ ತಪ್ಪದಂತೆ, ನಾನೂ ಅದನ್ನೇ ಯೋಚಿಸುತ್ತಿದ್ದೆ ಎಂದೆ. ಇವರು ಹಳ್ಳಿಯ ಹೆಂಗಸು, ಅಡುಗೆಮನೆ ಬಿಟ್ಟು ಏನೂ ನೋಡಿದವರಲ್ಲ, ಇದೆಲ್ಲ ಇವರಿಗೆ ತಿಳಿಯುವುದಿಲ್ಲ, ನಾನು ಹೇಗಾದರೂ ಒಪ್ಪಿಸುತ್ತೇನೆ, ಚಿಂತೆ ಬೇಡ ಎಂದೆ. ಹೇಳಿ ಮುಗಿಸಿದಾಗ ನನ್ನ ವಾಕ್ಯಗಳ ಬಗ್ಗೆ ನನಗೇ ಸ್ವಲ್ಪ ಮೆಚ್ಚುಗೆಯಾಯಿತು. ಅತ್ತಿಗೆ ಅಲ್ಲೇ ಚಹಾದ ಲೋಟಕ್ಕೆ ಕೈ ಕಾಯಿಸಿಕೊಳ್ಳುತ್ತ ನಿಂತಿದ್ದರು.

ಹತ್ತಿರ ಹೋಗಿ, "ಅತ್ತಿಗೆ, ನಿಮ್ಮ ಮಂಡಿ ನೋವಿಗೆ ಇದು ಆಗಲ್ಲ. ಇಲ್ಲಿ ಒಲೆ ಇದೆ, ಬೆಚ್ಚಗೆ ಕೂತಿರಿ. ಮೂರು ಗಂಟೆಗೆಲ್ಲ ಬಂದುಬಿಡ್ತೀವಿ" ಎಂದೆ.

ಅತ್ತಿಗೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಲೋಟ ಕೆಳಗಿಟ್ಟರು. "ನನ್ ಮಂಡಿಗೇನಾಗೈತೆ? ನಿನ್ ಮಂಡಿ ನೋಡ್ಕ. ನಡಿ, ಹೊತ್ತಾಯ್ತು" ಎಂದು ಕೋಲು ಊರಿಕೊಂಡು ಎಲ್ಲರಿಗಿಂತ ಮುಂದೆ ಹೊರಟೇಬಿಟ್ಟರು. ಮೋಹರ್ ಸಿಂಗ್ ನನ್ನತ್ತ ನೋಡಿದ. ನಾನು ಬೂಟಿನ ಲೇಸು ಕಟ್ಟಿಕೊಳ್ಳುವವಳಂತೆ ಬಗ್ಗಿದೆ.

ಅಷ್ಟರಲ್ಲಿ ನಾಗರತ್ನ ಕೂಗಿದಳು. "ನಿಲ್ರೇ, ಕಾಯಿ ಒಡೀದೇ ಹೊರಟ್ರೆ ಎಂಗೆ?" ಸರಿಯಾದ ಮಾತೇ. ನಮ್ಮ ಕಡೆ ಹೊಸ ಸ್ಕೂಟರಿಗೂ ಒಂದು ಕಾಯಿ ಒಡೆಯುತ್ತಾರೆ, ಇದು ಇಷ್ಟು ದೊಡ್ಡ ಬೆಟ್ಟ. ಉಳಿದಿದ್ದ ಒಂದೇ ಕಾಯನ್ನು ತೆಗೆದು ಮೂರು ಸಲ ನಿವಾಳಿಸಿ, ಕಣ್ಣು ಮುಚ್ಚಿ, ಈಡುಗಾಯಿ ಹೊಡೆಯುವಂತೆ ಎತ್ತಿ ನೆಲಕ್ಕೆ ಅಪ್ಪಳಿಸಿದಳು. ನಾವು ಚೂರು ಸಿಡಿಯುತ್ತದೆಂದು ಹಿಂದೆ ಸರಿದು ನಿಂತೆವು. ಬುಸಕ್ ಎಂದಿತು, ಅಷ್ಟೇ. ನೋಡಿದರೆ ಕಾಯೇ ಇಲ್ಲ. ಹಿಮದಲ್ಲಿ ಒಂದು ದುಂಡಗಿನ ತೂತು.

ಹುಟ್ಟಿದಾಗಿನಿಂದ ಕಾಯಿ ಒಡೆದವರು ನಾವು. ಒಡೆಯಲು ಗಟ್ಟಿ ನೆಲ ಬೇಕು ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಏಳು ಜನ ಮೊಳಕಾಲೂರಿ ತೂತಿನ ಸುತ್ತ ಬಗೆಯತೊಡಗಿದೆವು. ಚಹಾ ಅಂಗಡಿಯವನು ಹೊರಗೆ ಬಂದು, ಏನು ಕಳೆದುಕೊಂಡಿರಿ, ಚಿನ್ನವೇ ಎಂದು ಕೇಳಿದ. ಕೊನೆಗೆ ಅತ್ತಿಗೆ ಮೊಣಕೈವರೆಗೆ ತೋಳು ತೂರಿಸಿ ಕಾಯನ್ನು ಎಳೆದು ತೆಗೆದರು. ಮೋಹರ್ ಸಿಂಗನ ಹಿಮ ಕಡಿಯುವ ಕೊಡಲಿಯನ್ನು ಸನ್ನೆಯಲ್ಲೇ ಕೇಳಿ ಪಡೆದು, ಅಂಗೈಯಲ್ಲಿ ಕಾಯಿ ತಿರುಗಿಸುತ್ತ ಕೊಡಲಿಯ ಹಿಂಬದಿಯಿಂದ ನಡುವಿನ ಸುತ್ತ ನಾಲ್ಕು ಪೆಟ್ಟು ಕೊಟ್ಟರು. ಸಮನಾಗಿ ಎರಡು ಹೋಳು. ಅವನು ಆ ಹೋಳುಗಳನ್ನು ಜೋಡಿಸಿ, ಬಿಡಿಸಿ, ಮತ್ತೆ ಜೋಡಿಸಿ ನೋಡಿದ. ಇದು ನಮ್ಮೂರಿನ ಯಾವ ಮನೆಯಲ್ಲಾದರೂ ನಡೆಯುವುದೇ, ಆದರೆ ಆ ಹಿಮದ ನಡುವೆ ನನಗೂ ಹೊಸದಾಗಿ ಕಂಡಿತು.

ಹತ್ತಿದೆವು. ಹಿಮದ ಮೇಲೆ ನಡೆಯುವುದು ಹೇಗಿರುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಕಾಲು ಹೂತುಕೊಳ್ಳುತ್ತದೆ, ಎತ್ತಬೇಕು; ಇನ್ನೊಂದು ಹೂತುಕೊಳ್ಳುತ್ತದೆ, ಅದನ್ನೂ ಎತ್ತಬೇಕು. ಮೊದಲ ಅರ್ಧ ಗಂಟೆ ಎಲ್ಲರೂ ಫೋಟೋ ತೆಗೆದುಕೊಂಡರು. ಎರಡನೆಯ ಅರ್ಧ ಗಂಟೆಯಲ್ಲಿ ಮೊಬೈಲು ಜೇಬಿಗೆ ಹೋಯಿತು. ಮೂರನೆಯದರಲ್ಲಿ ಮಾತು ನಿಂತಿತು, ನಮ್ಮ ಗುಂಪಿನಲ್ಲಿ ಇದು ಹಿಂದೆಂದೂ ಆಗಿರಲಿಲ್ಲ. ನನ್ನ ಎದೆ ಬಡಿಯುವುದು ನನಗೇ ಕೇಳಿಸುತ್ತಿತ್ತು. ಅತ್ತಿಗೆ ಹತ್ತು ಹೆಜ್ಜೆ ನಡೆದು ಒಂದು ಗಳಿಗೆ ನಿಲ್ಲುತ್ತಿದ್ದರು, ಮತ್ತೆ ಹತ್ತು ಹೆಜ್ಜೆ. ಓಡಲೂ ಇಲ್ಲ, ಕೂರಲೂ ಇಲ್ಲ. ನಿಂತಾಗಲೆಲ್ಲ ಹಿಂದೆ ಕೈಚಾಚಿ ಯಾರಿಗೋ ಒಂದು ಚೂರು ಕೊಬ್ಬರಿ ಬೆಲ್ಲ ದಾಟಿಸುತ್ತಿದ್ದರು. ಮೋಹರ್ ಸಿಂಗ್ ತನ್ನ ಚಾಕಲೇಟ್ ಪೊಟ್ಟಣವನ್ನು ತೆಗೆಯಲೇ ಇಲ್ಲ, ಅವನೂ ಕೊಬ್ಬರಿಯನ್ನೇ ಅಗಿಯುತ್ತ ನಡೆದ.

ನೆತ್ತಿಗೆ ಇನ್ನು ಸ್ವಲ್ಪವೇ ದೂರ ಎನ್ನುವಾಗ ದಾರಿ ಬಿಸಿಲು ಬೀಳದ ಮಗ್ಗುಲಿಗೆ ತಿರುಗಿತು. ಮೇಲಿನಿಂದ ಸೋರಿದ ನೀರು ದಾರಿಯ ಮೇಲೆಲ್ಲ ಹರಿದು ಗಟ್ಟಿಯಾಗಿತ್ತು. ನಲವತ್ತು ಹೆಜ್ಜೆಯಷ್ಟು ಉದ್ದಕ್ಕೆ ಬರೀ ನುಣುಪು. ಬೂಟಿಗೆ ಸಿಕ್ಕಿಸುವ ಕಬ್ಬಿಣದ ಹಲ್ಲುಗಳು ಮನೆಯಲ್ಲಿವೆ, ಈ ದಿನಗಳಲ್ಲಿ ಇಲ್ಲಿ ಹಿಮ ಮೆತ್ತಗಿರುತ್ತದೆ ಎಂದು ತರಲಿಲ್ಲ, ತಪ್ಪಾಯಿತು ಎಂದು ಮೋಹರ್ ಸಿಂಗ್ ತಾನಾಗಿಯೇ ಹೇಳಿದ. ಕೊಡಲಿಯಿಂದ ಸಣ್ಣ ಮೆಟ್ಟಿಲುಗಳನ್ನು ಕಡಿಯುತ್ತ ಮುಂದೆ ಹೋದ. ಅವನ ಹಿಂದೆ ನಾನು, ತುಮಕೂರಿನ ಬೂಟಿನ ಧೈರ್ಯದಲ್ಲಿ.

ಐದನೆಯ ಹೆಜ್ಜೆಗೆ ಜಾರಿದೆ. ಕೂತ ಹಾಗೇ ಒಂದಾಳುದ್ದ ಕೆಳಗೆ ಹೋಗಿ ಹಿಮದ ಒಂದು ಗುಡ್ಡೆಗೆ ಒತ್ತಿಕೊಂಡು ನಿಂತೆ. ಪೆಟ್ಟೇನೂ ಬೀಳಲಿಲ್ಲ. ಆದರೆ ಕಾಲು ನಡುಗತೊಡಗಿದ್ದು ನಿಲ್ಲಲೇ ಇಲ್ಲ. ಮೋಹರ್ ಸಿಂಗ್ ಮೇಲಿನಿಂದ ಏನೋ ಕೇಳಿದ. ನನಗೆ ಉತ್ತರ ಹೇಳಲು ಒಂದು ಶಬ್ದವೂ ಹೊಳೆಯಲಿಲ್ಲ. ಮೂವತ್ತು ವರ್ಷದ ಹಿಂದಿ ಒಂದೇ ಸಲಕ್ಕೆ ಜಾರಿಹೋಗಿತ್ತು. "ನಾ ಬರಲ್ಲ, ಅವ್ವಾ, ನಾ ಬರಲ್ಲ" ಎಂದು ಕನ್ನಡದಲ್ಲಿ ಅಳತೊಡಗಿದೆ. ಅರವತ್ತೊಂದು ವರ್ಷದ ಹೆಂಗಸು, ನನ್ನ ಕೈಯಲ್ಲಿ ಓದಿದವರು ಎಲ್ಲೆಲ್ಲೋ ಅಧಿಕಾರಿಗಳಾಗಿದ್ದಾರೆ.

ಮೋಹರ್ ಸಿಂಗ್ ಗಡಿಯಾರ ನೋಡಿ ಕೈ ತಿರುಗಿಸಿದ. ಒಬ್ಬರು ಕೂತರೆ ಎಲ್ಲರೂ ವಾಪಸ್. ಅದಕ್ಕೆ ಯಾರ ಅನುವಾದವೂ ಬೇಕಿರಲಿಲ್ಲ. ನಾಗರತ್ನಳ ಮುಖ ನೋಡಿದೆ. ಅವಳು ಬೆಟ್ಟದ ನೆತ್ತಿಯ ಕಡೆ ಒಂದು ಸಲ ನೋಡಿ ತಲೆ ತಗ್ಗಿಸಿದಳು. ಇಷ್ಟು ದೂರ ಬಂದ ಆರು ಜನರ ಆಸೆ ನನ್ನೊಬ್ಬಳ ಕಾಲ ಮೇಲೆ ಬಂದು ನಿಂತಿತ್ತು, ಆ ಕಾಲು ಏಳುತ್ತಿರಲಿಲ್ಲ.

ಆಗ ಅತ್ತಿಗೆ ಬಂದರು. ಅಡ್ಡಡ್ಡ ಹೆಜ್ಜೆ ಹಾಕುತ್ತ, ಯಾರ ಕೈಯನ್ನೂ ಹಿಡಿಯದೆ, ಆ ನುಣುಪಿನ ಮೇಲೇ ನಡೆದು ಬಂದರು. ಅವರ ಗಮ್‌ಬೂಟು ನೋಡಿದೆ. ಎರಡಕ್ಕೂ ನಾರಿನ ಹುರಿ ಸುತ್ತಿತ್ತು. ಎಲ್ಲರೂ ನನ್ನ ಅಳು ನೋಡುತ್ತಿದ್ದಾಗ ಅವರು ಹಿಂದೆ ಕೂತು ಕಟ್ಟಿಕೊಂಡಿದ್ದರು. ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ನೀಡು ಕಾಲ" ಎಂದರು.

"ನನ್ನ ಕಾಲು ಮುಟ್ಟಬೇಡಿ ಅತ್ತಿಗೆ, ನೀವು ದೊಡ್ಡೋರು."

"ದೊಡ್ಡೋಳು ಅಂತ ಈಗ ಗ್ಯಾಪ್ಕ ಬಂತಾ? ನೀಡು ಅಂದೆ."

ನೀಡಿದೆ. ಮೋಹರ್ ಸಿಂಗ್ ಇಳಿದು ಬಂದು ಕೊಟ್ಟ ಚೂರಿಯಿಂದ ಹುರಿ ಕತ್ತರಿಸಿ, ಅಂಗಾಲಿನ ನಡುವಿಗೆ ಅಡ್ಡಡ್ಡ ನಾಲ್ಕು ಸುತ್ತು, ಹಿಮ್ಮಡಿಗೆ ಎರಡು, ಪಾದದ ಮೇಲೆ ಬಿಗಿಯಾಗಿ ಒಂದು ಗಂಟು ಹಾಕಿದರು. ಆ ಬೆರಳುಗಳು ನನ್ನ ಜಡೆ ಹೆಣೆದ ಬೆರಳುಗಳು, ಕೆಲಸ ಮಾಡುವಾಗ ನೋಡುವುದೂ ಬೇಡ ಅವಕ್ಕೆ. "ತೆಂಗಿನ್ ಮರ ಹತ್ತೋರು ಕಾಲಿಗೆ ಯಾಕೆ ಹುರಿ ಹಾಕ್ಕತಾರೆ? ನುಣ್ಣಗಿರಾದ್ನ ಹಿಡ್ಕಳಾಕೆ. ಇದೂ ಅಂಗೇಯ. ಎದ್ದೇಳು. ಕೆಳಕ್ ನೋಡ್ಬ್ಯಾಡ, ನನ್ ಬೆನ್ನು ನೋಡು."

ಎದ್ದೆ. ಒಂದು ಹೆಜ್ಜೆ ಇಟ್ಟೆ. ಬೂಟು ಕಚ್ಚಿಕೊಂಡಿತು. ಇನ್ನೊಂದು ಹೆಜ್ಜೆ ಇಟ್ಟೆ, ಅದೂ ಕಚ್ಚಿಕೊಂಡಿತು. ಅಲ್ಲಿ ಉಳಿದವರೆಲ್ಲ ಸಾಲಾಗಿ ಕಾಲು ಚಾಚಿ ಕೂತರು, ಅತ್ತಿಗೆ ಒಬ್ಬೊಬ್ಬರಿಗೂ ಕಟ್ಟಿದರು. ಮೋಹರ್ ಸಿಂಗ್ ಹುರಿಯ ತುಂಡೊಂದನ್ನು ಮೂಸಿ, ಎಳೆದು ನೋಡಿ, ತನ್ನ ಅಜ್ಜಿಯ ಕಾಲದಲ್ಲಿ ಇಲ್ಲಿಯವರು ಹುಲ್ಲಿನ ಹುರಿ ಹೆಣೆದ ಚಪ್ಪಲಿ ತೊಟ್ಟು ಹಿಮದ ಮೇಲೆ ನಡೆಯುತ್ತಿದ್ದರು, ಹೆಣೆಯುವುದು ಈಗ ಮನೆಯಲ್ಲಿ ಯಾರಿಗೂ ಬಾರದು ಎಂದ. ಆಮೇಲೆ ತನ್ನ ಕಾಲನ್ನೂ ಚಾಚಿದ. ಹುರಿ ಸರಿಯಾಗಿ ಎಂಟು ಜನಕ್ಕೆ ಸಾಕಾಯಿತು.

ಆ ನಲವತ್ತು ಹೆಜ್ಜೆ ದಾಟಿದ್ದನ್ನು ನಾನು ಯಾವ ಪದವಿಗೂ ಬದಲು ಕೊಡುವುದಿಲ್ಲ. ಮುಂದೆ ಅತ್ತಿಗೆಯ ಅಗಲ ಬೆನ್ನು, ಕೋಟಿನ ಕೆಳಗೆ ಹಸಿರು ಸೀರೆಯ ಅಂಚು, ಅದರ ಕೆಳಗೆ ಅಣ್ಣನ ಪ್ಯಾಂಟು. ನಾನು ಬೇರೆ ಏನನ್ನೂ ನೋಡಲಿಲ್ಲ.

ನೆತ್ತಿ ಸಿಕ್ಕಿತು. ಆಚೆ ಕಡೆ ಬೆಟ್ಟದ ಹಿಂದೆ ಬೆಟ್ಟ, ಎಲ್ಲವೂ ಬೆಳ್ಳಗೆ, ಮೇಲೆ ನೀಲಿ. ಗಾಳಿ ಕಿವಿಯನ್ನು ಕೊಯ್ಯುತ್ತಿತ್ತು. ನಾಗರತ್ನ ಜೋರಾಗಿ ಅಳುತ್ತಿದ್ದಳು, ಯಾಕೆಂದು ಯಾರೂ ಕೇಳಲಿಲ್ಲ. ಅತ್ತಿಗೆ ಕೋಲಿನ ಮೇಲೆ ಗದ್ದವಿಟ್ಟು ಬಹಳ ಹೊತ್ತು ನೋಡಿದರು. "ಯಾರೋ ಪುಣ್ಯಾತ್ಮರು ಕಾಯಿ ತುರ್ದು ಸುರ್ದವ್ರೆ ಕಣ್ರೇ. ಈಟೊಂದು ತುರಿಗೆ ಎಷ್ಟು ಬೆಲ್ಲ ಬೇಕಾದೀತು!" ಎಂದರು. ಅಳುತ್ತಿದ್ದವಳೂ ನಕ್ಕಳು.

ಮೋಹರ್ ಸಿಂಗ್ ಟೋಪಿ ತೆಗೆದು ಅತ್ತಿಗೆಯ ಮುಂದೆ ಬಂದು ಕೈಮುಗಿದ. ಮಾತಾಜಿ, ಬೆಳಿಗ್ಗೆ ತಪ್ಪು ಮಾಡಿದೆ. ನಿಮ್ಮನ್ನು ಚಹಾ ಅಂಗಡಿಯಲ್ಲೇ ಬಿಟ್ಟು ಬರುವುದೆಂದು ನಾನೂ ಮೇಡಂಜೀಯೂ ಮಾತಾಡಿಕೊಂಡಿದ್ದೆವು. ನೀವಿಲ್ಲದಿದ್ದರೆ ಇವತ್ತು ಯಾರೂ ಇಲ್ಲಿಗೆ ತಲುಪುತ್ತಿರಲಿಲ್ಲ. ಕ್ಷಮಿಸಬೇಕು, ಎಂದ. ಹೇಳಿ ನನ್ನತ್ತ ತಿರುಗಿದ, ಅನುವಾದಕ್ಕೆ.

ಎಲ್ಲರೂ ನನ್ನ ಬಾಯಿ ನೋಡಿದರು. ಆ ಕ್ಷಣದಲ್ಲಾದರೂ ನಿಜ ಹೇಳಬಹುದಿತ್ತು. ನಾನು, "ನೀವು ತುಂಬಾ ಚೆನ್ನಾಗಿ ನಡೀತೀರಂತೆ ಅತ್ತಿಗೆ" ಎಂದೆ.

ಅತ್ತಿಗೆ ನನ್ನನ್ನು ಒಂದು ಸಲ ನೋಡಿದರು. ಆಮೇಲೆ ಮೋಹರ್ ಸಿಂಗನ ತೋಳು ತಟ್ಟಿ, "ಕೋಯೀ ಬಾತ್ ನಹೀ, ಬೇಟಾ" ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಏಳು ಜೀವದ ಹೊಣೆ ನಿನ್ನ ತಲೆಯ ಮೇಲಿತ್ತು, ನೀನು ಹೆದರಿದ್ದು ಸರಿಯೇ. ಈ ಮೇಡಂ ಚಿಕ್ಕಂದಿನಿಂದಲೂ ಪುಕ್ಕಲು, ಅವಳ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಮುಂದಿನ ಸಲ ಮಾತ್ರ ಕಬ್ಬಿಣದ ಹಲ್ಲು ಮನೆಯಲ್ಲಿಟ್ಟು ಬರಬೇಡ. ಇದನ್ನೆಲ್ಲ ಹಿಂದಿಯಲ್ಲಿ, ಒಂದೇ ಉಸಿರಿಗೆ, ಮಾರುಕಟ್ಟೆಯಲ್ಲಿ ಹರಿದಾಡುವ ಸಲೀಸಾದ ಹಿಂದಿಯಲ್ಲಿ ಹೇಳಿದರು. ಮೋಹರ್ ಸಿಂಗ್ ಬಾಯಿ ತೆರೆದುಕೊಂಡು ನಿಂತ.

"ಅತ್ತಿಗೆ! ನಿಮಗೆ ಹಿಂದಿ..."

"ಒಸಿ ಬತ್ತದೆ ಕಣವ್ವ. ಕೊಬ್ಬರಿಗೆ ಬತ್ತಿದ್ದ ಸೇಟುಗಳು ನಮ್ಮನೇಲಿ ಉಣ್ಣೋವಾಗ ಏನ್ ಕನ್ನಡ ಮಾತಾಡ್ತಿದ್ರಾ? ನಿಮ್ಮಣ್ಣಂಗೆ ಒಂದಕ್ಷರ ತಿಳೀತಿರ್ಲಿಲ್ಲ. ಬಾಗ್ಲಿಂದೆ ನಿಂತ್ಕಂಡು ನಾನೇ ಹೇಳ್ಕೊಡ್ತಿದ್ದೆ. ಮೊದಮೊದ್ಲು ನೀನು ಓದ್ತಿದ್ದೆಯಲ್ಲ, ಅದ್ರಾಗೇ ನಾಕು ಮಾತು ಕಲ್ತಿದ್ದೆ."

ಮಂಡಿಯಲ್ಲಿ ಯಾರಿಗೂ ಬಗ್ಗದ ವ್ಯಾಪಾರಿ ಎಂದು ನಮ್ಮ ಅಣ್ಣನನ್ನು ಇವತ್ತಿಗೂ ಜನ ಹೊಗಳುತ್ತಾರೆ. ನಾನೂ ನಾಲ್ಕು ಜನರ ಮುಂದೆ ಹೊಗಳಿದ್ದೇನೆ. ಆ ಬಾಗಿಲ ಹಿಂದೆ ನಿಂತವರ ವಿಷಯ ಅವನೂ ಹೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

"ಮತ್ತೆ ಇಷ್ಟು ದಿನ ನಾನು ಅನುವಾದ ಮಾಡ್ತಿದ್ದಾಗ ಯಾಕೆ ಸುಮ್ಮನಿದ್ರಿ?"

"ನೀನು ಕೇಳ್ಲಿಲ್ಲ. ಆಸೆ ಪಟ್ಕಂಡು ಹೇಳ್ತಿದ್ದೆ, ಹೇಳ್ಲಿ ಬುಡು ಅಂತ ಸುಮ್ಕಿದ್ದೆ" ಎಂದರು. ನಾಗರತ್ನ ನಕ್ಕು ನಕ್ಕು ಹಿಮದ ಮೇಲೇ ಕೂತುಬಿಟ್ಟಳು. ಆ ಗುಂಪಿನಲ್ಲಿ ನಗದೇ ಇದ್ದವಳು ನಾನೊಬ್ಬಳೇ.

ಇಳಿಯುವಾಗ ನಾನು ಬೇಕೆಂದೇ ಅತ್ತಿಗೆಯ ಹಿಂದೆ ಸೇರಿಕೊಂಡೆ. ಉಳಿದವರು ಸ್ವಲ್ಪ ಮುಂದೆ ಹೋಗಿದ್ದರು. ಕೇಳದೆ ಇರುವುದಕ್ಕೆ ಆಗಲಿಲ್ಲ.

"ಅತ್ತಿಗೆ, ಬೆಳಿಗ್ಗೆ ನಾನು ಅವನ ಹತ್ತಿರ ಹೇಳಿದ್ದೆಲ್ಲ ನಿಮಗೆ ಕೇಳಿಸ್ತಾ?"

"ಕೇಳ್ದೆ ಏನು? ಎರಡ್ ಮಾರು ದೂರದಾಗಿದ್ದೆ."

"ಅಡುಗೆಮನೆ ಬಿಟ್ಟು ಏನೂ ನೋಡಿಲ್ಲ ಅಂದದ್ದು?"

"ಅದೂ ಕೇಳಿಸ್ತು."

"ಬೇಜಾರಾಯ್ತಾ?"

ಅತ್ತಿಗೆ ತಿರುಗಿ ನೋಡಲಿಲ್ಲ. ಎರಡು ಹೆಜ್ಜೆ ಇಳಿದು, "ಆಯ್ತು" ಎಂದರು.

ಸ್ವಲ್ಪ ದೂರ ಇಳಿದ ಮೇಲೆ, "ಅಲ್ಲೇ ನನ್ನ ಬಯ್ಯಬಾರದಿತ್ತಾ?" ಎಂದೆ.

"ಬಯ್ಯಾನ ಅಂತ್ಲೇ ತಿರುಗ್ದೆ ಕಣೇ." ನಿಂತರು. ಉಸಿರು ತೆಗೆದುಕೊಂಡರು. "ಆದ್ರೆ ನೀನು ಎಂಗ್ ಮಾತಾಡ್ತಿದ್ದೆ ಗೊತ್ತಾ? ನಲವತ್ತು ವರ್ಷ ಬಂದ್ ಹೋದ್ರಲ್ಲ, ಆ ಸೇಟುಗಳು ಒಬ್ರೂ ಅಷ್ಟು ಚಂದಾಗಿ ಆಡಿದ್ನ ನಾನು ಕೇಳಿಲ್ಲ. ನಮ್ಮನೆ ಹುಡುಗಿ ಈಪಾಟಿ ಮಾತಾಡ್ತಾಳಲ್ಲ ಅಂತ ಕೇಳ್ತಾ ನಿಂತ್ಬುಟ್ಟೆ. ನನ್ ಮ್ಯಾಲೇ ಹೇಳ್ತಿದ್ರೂವೆ, ಹೆಮ್ಮೆ ಆಗ್ಬುಡ್ತು."

ಅವರ ಬೂಟು ಬಿಟ್ಟ ಗುರುತಿನ ಮೇಲೇ ನನ್ನ ಬೂಟು ಇಡುತ್ತ, ಕೆಳಗಿನವರೆಗೂ ಇಳಿದೆ.